ಕೂಲರ್ ಸರಿಯಾಗಿ ಕೂರದಿದ್ದರೆ ಪ್ರೊಸೆಸರ್‌ಗೆ ಏನಾಗುತ್ತದೆ: ಪತ್ತೆ ಹಚ್ಚುವ ಮತ್ತು ಸರಿಪಡಿಸುವ ಬಗೆ

ಫ್ಯಾನ್ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದು, ಒಳಗೆ ಧೂಳೂ ಕಟ್ಟಿಲ್ಲದೆ, ಆದರೂ ಪ್ರೊಸೆಸರ್‌ನ ತಾಪಮಾನ 90 ಡಿಗ್ರಿ ದಾಟುತ್ತಿದ್ದರೆ, ಹೆಚ್ಚಿನವರು ಇನ್ನೂ ದೊಡ್ಡ ಕೂಲರ್ ಕೊಳ್ಳುವ ಯೋಚನೆಗೆ ಬೀಳುತ್ತಾರೆ. ಕಂಪ್ಯೂಟರ್ ನಿಧಾನವಾಗಿದೆ ಎಂಬ ದೂರಿನೊಂದಿಗೆ ಅಂಗಡಿಗೆ ಹೋದವರಿಗೆ ವೈರಸ್ ಇರಬಹುದು, ವಿಂಡೋಸ್ ಹೊಸದಾಗಿ ಹಾಕೋಣ ಎಂಬ ಉತ್ತರ ಸಿಗುವುದೂ ಉಂಟು. ಈ ಎರಡಕ್ಕೂ ಹಣ ಖರ್ಚು ಮಾಡುವ ಮುನ್ನ, ಇರುವ ಕೂಲರ್ ಪ್ರೊಸೆಸರ್‌ನ ಮೇಲೆ ಸಮನಾಗಿ, ಬಿಗಿಯಾಗಿ ಕೂತಿದೆಯೇ ಎಂಬುದನ್ನು ನೋಡಬೇಕು. ಕೂಲರ್‌ನ ತಳ ಪ್ರೊಸೆಸರ್‌ಗೆ ಸರಿಯಾಗಿ ತಾಗದಿದ್ದಾಗ ಫ್ಯಾನಿನ ವೇಗ ಎಷ್ಟೇ ಇದ್ದರೂ ಪ್ರಯೋಜನ ಅತ್ಯಲ್ಪ, ಏಕೆಂದರೆ ಫ್ಯಾನ್ ತಂಪು ಮಾಡುವುದು ಹೀಟ್‌ಸಿಂಕ್ ಅನ್ನು, ಅಂದರೆ ಪ್ರೊಸೆಸರ್‌ನ ಶಾಖವನ್ನು ಹೀರಿ ಗಾಳಿಗೆ ಬಿಡುವ ಲೋಹದ ಭಾಗವನ್ನು. ಶಾಖ ಹೀಟ್‌ಸಿಂಕ್‌ವರೆಗೆ ಬಂದೇ ಇರುವುದಿಲ್ಲ.

ಪ್ರೊಸೆಸರ್‌ನ ಮೇಲಿನ ಲೋಹದ ಮುಚ್ಚಳವೂ ಕೂಲರ್‌ನ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ಸೂಕ್ಷ್ಮವಾಗಿ ನೋಡಿದರೆ ಎರಡರಲ್ಲೂ ಗೀರುಗಳು, ತಗ್ಗುದಿಣ್ಣೆಗಳು ಇರುತ್ತವೆ. ಎರಡನ್ನೂ ಒತ್ತಿ ಇಟ್ಟಾಗ ನಿಜವಾಗಿ ತಾಗುವುದು ಕೆಲವು ಕಡೆ ಮಾತ್ರ. ಉಳಿದೆಡೆ ಗಾಳಿ ತುಂಬಿಕೊಳ್ಳುತ್ತದೆ. ತಾಮ್ರದ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಆದರೆ ಗಾಳಿಯದು ಬರಿಯ 0.026. ಆ ಗಾಳಿಯನ್ನು ಹೊರದೂಡಿ ಸಂದು ತುಂಬುವುದಕ್ಕಾಗಿಯೇ ಥರ್ಮಲ್ ಪೇಸ್ಟ್ ಇರುವುದು. ಪೇಸ್ಟ್‌ನ ಉಷ್ಣವಾಹಕತೆ ತಾಮ್ರಕ್ಕೆ ಹೋಲಿಸಿದರೆ ತೀರ ಕಡಿಮೆ, ಗಾಳಿಗೆ ಹೋಲಿಸಿದರೆ ನೂರಾರು ಪಟ್ಟು ಹೆಚ್ಚು. ಆದ್ದರಿಂದ ಪೇಸ್ಟ್ ಇರಲೇಬೇಕು, ಆದರೆ ಸಾಧ್ಯವಾದಷ್ಟು ತೆಳುವಾಗಿರಬೇಕು.

ಒಂದು ಸರಳ ಲೆಕ್ಕ ಮಾಡಿ ನೋಡಿದರೆ ವಿಷಯದ ಗಾತ್ರ ಅರಿವಾಗುತ್ತದೆ. ಮೂರು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗದ ಮೂಲಕ 65 ವ್ಯಾಟ್ ಶಾಖ ಹಾಯಬೇಕು ಎಂದುಕೊಳ್ಳೋಣ. ನಡುವೆ 0.05 ಮಿ.ಮೀ. ದಪ್ಪದ, 5 ವ್ಯಾಟ್ ವಾಹಕತೆಯ ಪೇಸ್ಟ್ ಇದ್ದರೆ ಆ ಪದರದ ಎರಡು ಬದಿಗಳ ನಡುವಿನ ತಾಪಮಾನದ ಅಂತರ ಒಂದು ಡಿಗ್ರಿಗೂ ಕಡಿಮೆ. ಅದೇ 0.05 ಮಿ.ಮೀ. ಸಂದಿನಲ್ಲಿ ಗಾಳಿ ಮಾತ್ರ ಇದ್ದರೆ ಅಂತರ ಸುಮಾರು 140 ಡಿಗ್ರಿಗೆ ಹೋಗುತ್ತದೆ. ವಾಸ್ತವದಲ್ಲಿ ಪೂರ್ತಿ ಗಾಳಿಯ ಸಂದು ಇರುವುದು ಅಪರೂಪ, ಅಲ್ಲಲ್ಲಿ ಲೋಹ ತಾಗಿಕೊಂಡಿರುತ್ತದೆ. ಇನ್ನೊಂದು ಕಡೆ, ಮುಚ್ಚಳದ ಕೆಳಗಿನ ಸಿಲಿಕಾನ್ ತುಣುಕು ಬಹಳ ಚಿಕ್ಕದಾದ್ದರಿಂದ ಶಾಖ ಒಂದೇ ಕಡೆ ಒತ್ತಾಗಿ ಬಂದು ಪೇಸ್ಟ್‌ನ ಅಂತರವೂ ಲೆಕ್ಕಕ್ಕಿಂತ ಹೆಚ್ಚಾಗುತ್ತದೆ. ಆದರೂ ತಲೆಗೂದಲಿಗಿಂತ ಹೆಚ್ಚು ದಪ್ಪವಲ್ಲದ ಒಂದು ಸಂದು ಇಡೀ ಕೂಲರನ್ನು ನಿಷ್ಪ್ರಯೋಜಕ ಮಾಡಬಲ್ಲದು ಎಂಬುದಕ್ಕೆ ಈ ಅಂಕಿಗಳೇ ಸಾಕು. ಕಾವಲಿಯ ಮೇಲೆ ರೊಟ್ಟಿ ಎದ್ದು ನಿಂತ ಜಾಗ ಹಸಿಯಾಗಿಯೇ ಉಳಿಯುವುದಕ್ಕೂ ಕಾರಣ ಇದೇ.

ಪ್ರೊಸೆಸರ್ ಏನು ಮಾಡುತ್ತದೆ

ಇಂದಿನ ಪ್ರೊಸೆಸರ್‌ಗಳು ಸುಲಭವಾಗಿ ಸುಡುವುದಿಲ್ಲ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ತಾಣ ಓಡುತ್ತಿರುವ ಕಂಪ್ಯೂಟರ್‌ಗಳ ಹೀಟ್‌ಸಿಂಕನ್ನೇ ಕಿತ್ತು ತೋರಿಸಿದ ವೀಡಿಯೊ ಆಗ ಬಹಳ ಚರ್ಚೆಗೆ ಬಂದಿತ್ತು. ಅದರಲ್ಲಿ ಇಂಟೆಲ್ ಕಂಪನಿಯ ಪೆಂಟಿಯಂ 4 ಪ್ರೊಸೆಸರ್ ತನ್ನ ವೇಗ ತಗ್ಗಿಸಿಕೊಂಡು ಬದುಕಿತು, ಎಎಂಡಿ ಕಂಪನಿಯ ಆ ಕಾಲದ ಅಥ್ಲಾನ್ ಸುಟ್ಟು ಹೊಗೆಯಾಡಿತು. ಆ ನಂತರ ಎಲ್ಲ ಪ್ರೊಸೆಸರ್‌ಗಳಲ್ಲೂ ಒಳಗೇ ರಕ್ಷಣಾ ವ್ಯವಸ್ಥೆ ಬಂದಿದೆ. ಇಂಟೆಲ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ 100 ಡಿಗ್ರಿ, ಎಎಂಡಿಯ ರೈಜೆನ್ 5000 ಸಾಲಿನ ಹಲವು ಮಾದರಿಗಳಿಗೆ 90 ಡಿಗ್ರಿ, ರೈಜೆನ್ 7000 ಸಾಲಿನ ಹೆಚ್ಚಿನವಕ್ಕೆ 95 ಡಿಗ್ರಿ ಮಿತಿ. ಆ ಮಿತಿ ಮುಟ್ಟಿದ ಕೂಡಲೇ ಪ್ರೊಸೆಸರ್ ತಾನು ಓಡುವ ವೇಗವನ್ನೂ (ಕ್ಲಾಕ್ ಸ್ಪೀಡ್) ವೋಲ್ಟೇಜನ್ನೂ ಇಳಿಸಿಕೊಳ್ಳುತ್ತದೆ. ಇದನ್ನು ಥ್ರಾಟ್ಲಿಂಗ್ ಎನ್ನುತ್ತಾರೆ.

ಬಳಕೆದಾರರನ್ನು ದಾರಿ ತಪ್ಪಿಸುವುದು ಇದೇ ರಕ್ಷಣೆ. ಕಂಪ್ಯೂಟರ್ ನಿಲ್ಲುವುದಿಲ್ಲ, ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ನಾಲ್ಕೂವರೆ ಗಿಗಾಹರ್ಟ್ಸ್‌ನಲ್ಲಿ ಓಡಬೇಕಾದದ್ದು ಎರಡು ಎರಡೂವರೆಯಲ್ಲಿ ಏಗುತ್ತಿರುತ್ತದೆ. ಕೆಲಸ ಶುರುವಾದ ಮೊದಲ ಕ್ಷಣದಲ್ಲಿ ಚುರುಕಾಗಿದ್ದು ಆಮೇಲೆ ಮಂಕಾಗುವುದು, ಆಟಗಳಲ್ಲಿ ದೃಶ್ಯ ತಡವರಿಸುವುದು, ವೀಡಿಯೊ ರೆಂಡರ್ ಮಾಡಲು ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವುದು, ಇವೆಲ್ಲ ಅದರ ಲಕ್ಷಣಗಳು. ವೇಗ ತಗ್ಗಿಸಿದರೂ ಬಿಸಿ ಏರುತ್ತಲೇ ಹೋದರೆ ಕೊನೆಯ ಅಸ್ತ್ರವಾಗಿ ಇಡೀ ಯಂತ್ರ ಆರಿಹೋಗುತ್ತದೆ. ಅದು ನೀಲಿ ಪರದೆಯಿಲ್ಲದೆ, ಕರೆಂಟ್ ಹೋದಂತೆ ತಟ್ಟನೆ ಆಗುತ್ತದೆ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಮತ್ತೆ ಆನ್ ಮಾಡಿದಾಗ ಪ್ರೊಸೆಸರ್ ಅತಿಯಾಗಿ ಬಿಸಿಯಾಗಿದೆ, ಎಫ್1 ಒತ್ತಿ ಎಂಬ ಸೂಚನೆ ಬರುತ್ತದೆ. ವಿಂಡೋಸ್‌ನ ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಎಂದು ದಾಖಲಾಗಿರುತ್ತದೆ, ಆದರೆ ಅದು ಯಂತ್ರ ಸರಿಯಾಗಿ ಮುಚ್ಚಿಕೊಳ್ಳದೆ ಆರಿತು ಎಂಬುದನ್ನಷ್ಟೇ ಹೇಳುತ್ತದೆ, ಕಾರಣವನ್ನಲ್ಲ.

ಇನ್ನೊಂದು ಹಾನಿ ಒಳಗೊಳಗೇ ನಡೆಯುತ್ತದೆ. ಸಿಲಿಕಾನ್ ಬಿಸಿಯಾದಷ್ಟೂ ಟ್ರಾನ್ಸಿಸ್ಟರ್‌ಗಳಲ್ಲಿ ಸೋರುವ ವಿದ್ಯುತ್ ಹೆಚ್ಚುತ್ತದೆ, ಸೋರಿಕೆ ಹೆಚ್ಚಿದಷ್ಟೂ ಅದೇ ಕೆಲಸಕ್ಕೆ ಹೆಚ್ಚು ವ್ಯಾಟ್ ಬೇಕಾಗುತ್ತದೆ, ಆ ವ್ಯಾಟ್ ಮತ್ತೆ ಶಾಖವಾಗುತ್ತದೆ. ವರ್ಷಗಟ್ಟಲೆ ಮಿತಿಯ ಅಂಚಿನಲ್ಲೇ ಓಡುವ ಚಿಪ್ಪಿನ ಸವಕಳಿಯೂ ಬೇಗ. ನಾಳೆಯೇ ಕೆಡುತ್ತದೆ ಎಂದು ಹೆದರಬೇಕಾಗಿಲ್ಲ; ಆದರೆ ಹಾಗೇ ಬಿಟ್ಟುಬಿಡುವುದು ಸರಿಯಲ್ಲ.

ಪತ್ತೆ ಹಚ್ಚುವುದು ಹೇಗೆ

ಬರೀ ತಾಪಮಾನದ ಅಂಕಿ ನೋಡಿ ತೀರ್ಪು ಕೊಡಲಾಗದು. ರೈಜೆನ್ 7000 ಸಾಲಿನ ದೊಡ್ಡ ಪ್ರೊಸೆಸರ್‌ಗಳು ಪೂರ್ತಿ ಹೊರೆಯಲ್ಲಿ 95 ಡಿಗ್ರಿಗೆ ಹೋಗಿ ಅಲ್ಲೇ ನಿಲ್ಲುವಂತೆ ಎಎಂಡಿಯೇ ರೂಪಿಸಿದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ರಾಯಚೂರಿನ ಕೋಣೆಯಲ್ಲಿ 36 ಡಿಗ್ರಿ ಇದ್ದು ಅದೇ ಹೊತ್ತಿಗೆ ಮಡಿಕೇರಿಯಲ್ಲಿ 22 ಇದ್ದರೆ, ಒಂದೇ ರೀತಿ ಕೂರಿಸಿದ ಒಂದೇ ಕೂಲರ್ ಎರಡು ಊರುಗಳಲ್ಲಿ ಹದಿನಾಲ್ಕು ಡಿಗ್ರಿ ವ್ಯತ್ಯಾಸ ತೋರಿಸುತ್ತದೆ. ಆದ್ದರಿಂದ ತಾಪಮಾನದ ಜೊತೆಗೆ ಪ್ರೊಸೆಸರ್ ಬಳಸುತ್ತಿರುವ ವ್ಯಾಟ್, ಅದರ ವೇಗ, ಕೋಣೆಯ ತಾಪಮಾನ ಇವನ್ನೂ ಬರೆದಿಟ್ಟುಕೊಳ್ಳಬೇಕು. ವಿಂಡೋಸ್‌ನಲ್ಲಿ ಎಚ್‌ಡಬ್ಲ್ಯೂಇನ್ಫೋ, ಲಿನಕ್ಸ್‌ನಲ್ಲಿ ಎಲ್‌ಎಂ-ಸೆನ್ಸರ್ಸ್ ಈ ಕೆಲಸಕ್ಕೆ ಸಾಕು. ಹೊರೆ ಹಾಕಲು, ಅಂದರೆ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡಲು, ಸಿನೆಬೆಂಚ್, ಓಸಿಸಿಟಿ ಅಥವಾ ಸ್ಟ್ರೆಸ್-ಎನ್‌ಜಿ ಬಳಸಬಹುದು.

ನನ್ನ ದೃಷ್ಟಿಯಲ್ಲಿ ಅತ್ಯಂತ ನಂಬಲರ್ಹವಾದ ಸುಳಿವು ತಾಪಮಾನ ಏರುವ ವೇಗ. ಅರ್ಧ ಕಿಲೋ ತೂಕದ ಅಲ್ಯೂಮಿನಿಯಂ ಹೀಟ್‌ಸಿಂಕ್ ಒಂದು ಡಿಗ್ರಿ ಬಿಸಿಯಾಗಲು ಸುಮಾರು 450 ಜೌಲ್ ಶಾಖ ಬೇಕು. 65 ವ್ಯಾಟ್ ಪೂರ್ತಿಯಾಗಿ ಅದಕ್ಕೆ ಹರಿದರೂ ಒಂದು ಡಿಗ್ರಿಗೆ ಏಳು ಸೆಕೆಂಡು, ಮೂವತ್ತು ಡಿಗ್ರಿಗೆ ಮೂರು ನಿಮಿಷಕ್ಕೂ ಹೆಚ್ಚು ಹಿಡಿಯುತ್ತದೆ. ಹಾಗಾಗಿ ಕೂಲರ್ ಸರಿಯಾಗಿ ಕೂತಿದ್ದರೆ, ಹೊರೆ ಬಿದ್ದೊಡನೆ ಹದಿನೈದು ಇಪ್ಪತ್ತು ಡಿಗ್ರಿಯ ಒಂದು ಜಿಗಿತ ಕಂಡು, ಆಮೇಲೆ ಗ್ರಾಫ್ ನಿಧಾನವಾಗಿ ನಿಮಿಷಗಟ್ಟಲೆ ಏರುತ್ತದೆ. ಸರಿಯಾಗಿ ಕೂರದಿದ್ದರೆ 40ರಲ್ಲಿದ್ದದ್ದು ಎರಡೇ ಸೆಕೆಂಡಿನಲ್ಲಿ 95ಕ್ಕೆ ನೆಗೆದು ಗೋಡೆಯಂತೆ ನಿಲ್ಲುತ್ತದೆ, ಹೊರೆ ನಿಲ್ಲಿಸಿದ ಮರುಕ್ಷಣ ಅಷ್ಟೇ ಥಟ್ಟನೆ ಕೆಳಗೆ ಬೀಳುತ್ತದೆ. ಬಿಸಿಯಾಗುತ್ತಿರುವುದು ಚಿಕ್ಕ ಸಿಲಿಕಾನ್ ತುಣುಕೇ ಹೊರತು ಹೀಟ್‌ಸಿಂಕ್ ಅಲ್ಲ ಎಂಬುದಕ್ಕೆ ಆ ಗ್ರಾಫೇ ಸಾಕ್ಷಿ. 200 ವ್ಯಾಟ್ ಮೀರಿ ಎಳೆಯುವ ದೊಡ್ಡ ಪ್ರೊಸೆಸರ್‌ಗಳಲ್ಲಿ ಮಾತ್ರ ಮೊದಲ ಜಿಗಿತ ಸಹಜವಾಗಿಯೇ ದೊಡ್ಡದಿರುತ್ತದೆ. ಅಲ್ಲಿ ವ್ಯಾಟ್ ಮಿತಿಯನ್ನು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮದರ್‌ಬೋರ್ಡ್‌ನ ಹೊಂದಾಣಿಕೆಯ ಪರದೆ) 65ಕ್ಕೆ ಇಳಿಸಿ ಇದೇ ಪರೀಕ್ಷೆ ಮಾಡಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಎರಡನೆಯ ಸುಳಿವು ಬೆರಳಿನದು. ಹೊರೆ ಹಾಕಿ ಹತ್ತು ನಿಮಿಷದ ನಂತರ, ಫ್ಯಾನಿನ ರೆಕ್ಕೆಗೆ ತಾಗದಂತೆ ಎಚ್ಚರ ವಹಿಸಿ, ಹೀಟ್‌ಸಿಂಕ್‌ನ ತಳದ ಬಳಿಯ ಲೋಹವನ್ನೋ ಹೀಟ್‌ಪೈಪನ್ನೋ ಮುಟ್ಟಿ ನೋಡಿ. ಪ್ರೊಸೆಸರ್ 95 ತೋರಿಸುತ್ತಿದ್ದು ಲೋಹ ಬರೀ ಬೆಚ್ಚಗಿದ್ದರೆ ನಡುವಿನ ಸಂಪರ್ಕವೇ ಸರಿಯಿಲ್ಲ. ಲೋಹವೂ ಮುಟ್ಟಲಾರದಷ್ಟು ಬಿಸಿಯಾಗಿದ್ದರೆ ಸಂಪರ್ಕ ಚೆನ್ನಾಗಿದೆ, ತೊಂದರೆ ಇರುವುದು ಫ್ಯಾನ್, ಧೂಳು ಅಥವಾ ಕ್ಯಾಬಿನೆಟ್‌ನ ಗಾಳಿಯಾಟದಲ್ಲಿ. ನೀರಿನ ಕೂಲರ್ ಇದ್ದವರು ಒಂದು ಭೇದ ಗಮನಿಸಬೇಕು: ಪಂಪ್ ನಿಂತಿದ್ದರೆ ಪ್ರೊಸೆಸರ್‌ನ ಮೇಲಿನ ಬ್ಲಾಕ್ ಕಾದು ರೇಡಿಯೇಟರ್ ತಣ್ಣಗಿರುತ್ತದೆ, ತಾಪಮಾನವೂ ಎರಡು ಸೆಕೆಂಡಿನ ಬದಲು ಸ್ವಲ್ಪ ಹೊತ್ತು ತೆಗೆದುಕೊಂಡು ಏರುತ್ತದೆ.

ಕೂಲರ್ ಒಂದು ಪಕ್ಕಕ್ಕೆ ಎದ್ದಿದ್ದರೆ ಪ್ರೊಸೆಸರ್‌ನೊಳಗಿನ ಕೋರ್‌ಗಳ (ಲೆಕ್ಕ ಮಾಡುವ ಘಟಕಗಳ) ನಡುವೆ ವ್ಯತ್ಯಾಸ ಕಾಣಬಹುದು. ಎಂಟೋ ಹತ್ತೋ ಡಿಗ್ರಿ ಅಂತರ ಸಾಮಾನ್ಯ. ಒಂದೇ ಬದಿಯ ಕೋರ್‌ಗಳು ಸತತವಾಗಿ ಇಪ್ಪತ್ತು ಡಿಗ್ರಿ ಹೆಚ್ಚು ತೋರಿಸಿದರೆ ಅನುಮಾನಿಸಬೇಕು.

ಕೊನೆಯದಾಗಿ ಒಂದು ಭಾಗಾಕಾರ. ಹೊರೆಯಲ್ಲಿ ಸ್ಥಿರವಾಗಿ ನಿಂತ ತಾಪಮಾನದಿಂದ ಕೋಣೆಯ ತಾಪಮಾನ ಕಳೆದು, ಉಳಿದದ್ದನ್ನು ವ್ಯಾಟ್‌ನಿಂದ ಭಾಗಿಸಿ. ಕೋಣೆ 28, ಪ್ರೊಸೆಸರ್ 67, ಬಳಕೆ 65 ವ್ಯಾಟ್ ಆದರೆ ಉತ್ತರ 0.6, ಅಂದರೆ ಪ್ರತಿ ವ್ಯಾಟ್‌ಗೆ ಅರ್ಧಕ್ಕಿಂತ ತುಸು ಹೆಚ್ಚು ಡಿಗ್ರಿ. ಅದೇ ಕೋಣೆಯಲ್ಲಿ 40 ವ್ಯಾಟ್‌ಗೇ 100 ಮುಟ್ಟಿ ಥ್ರಾಟಲ್ ಆಗುತ್ತಿದ್ದರೆ ಉತ್ತರ 1.8. ಋತು, ಊರು, ಹೊರೆ ಬದಲಾದರೂ ಈ ಅಂಕಿ ಹೆಚ್ಚು ಬದಲಾಗದ ಕಾರಣ ದುರಸ್ತಿಗೆ ಮುಂಚಿನ ಮತ್ತು ನಂತರದ ಸ್ಥಿತಿಯನ್ನು ಹೋಲಿಸಲು ಇದಕ್ಕಿಂತ ಒಳ್ಳೆಯ ಅಳತೆ ಮನೆಯಲ್ಲಿ ಸಿಗುವುದಿಲ್ಲ.

ಏಕೆ ಸರಿಯಾಗಿ ಕೂರುವುದಿಲ್ಲ

ಅತಿ ಸಾಮಾನ್ಯ ಕಾರಣ ಇಂಟೆಲ್ ಪ್ರೊಸೆಸರ್ ಜೊತೆ ಬರುವ ಕೂಲರ್‌ನ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳು. ಮೂರು ಕೂತು ಒಂದು ಕೂರದಿದ್ದರೂ ಮೇಲಿನಿಂದ ನೋಡಿದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕಂಪ್ಯೂಟರನ್ನು ಕೊರಿಯರ್‌ನಲ್ಲಿ ಕಳಿಸಿದಾಗ, ಮನೆ ಬದಲಿಸುವಾಗ ಲಾರಿಯಲ್ಲಿ ಸಾಗಿಸಿದಾಗ ಕೂತಿದ್ದ ಪಿನ್ ಎದ್ದುಬರುವುದೂ ಇದೆ. ಮದರ್‌ಬೋರ್ಡ್‌ನ ಹಿಂಬದಿಯಿಂದ ನೋಡಿದರೆ ಮಾತ್ರ ನಿಜ ತಿಳಿಯುತ್ತದೆ: ಬಿಳಿ ಪ್ಲಾಸ್ಟಿಕ್‌ನ ಎರಡು ಕಾಲುಗಳು ರಂಧ್ರದ ಆಚೆಗೆ ಬಂದು, ನಡುವೆ ಕಪ್ಪು ಕಡ್ಡಿ ಇಳಿದು ಅವನ್ನು ಅಗಲಿಸಿರಬೇಕು.

ಹೊಸ ಕೂಲರ್‌ನ ತಳಕ್ಕೆ ಅಂಟಿಸಿರುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಕೂರಿಸುವುದು ಇನ್ನೊಂದು ಕಾರಣ. ಮೂರನೆಯದು, ಹಳೆಯ ಕೂಲರನ್ನು ಹೊಸ ಸಾಕೆಟ್‌ಗೆ (ಮದರ್‌ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ಹೊಂದಿಸುವುದು. 2021ರಲ್ಲಿ ಬಂದ ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್‌ನ ರಂಧ್ರಗಳ ಅಂತರ 78 ಮಿ.ಮೀ.; ಅದರ ಹಿಂದಿನ ಎಲ್‌ಜಿಎ 1200ರದ್ದು 75 ಮಿ.ಮೀ. ಕೆಲವು ಮದರ್‌ಬೋರ್ಡ್‌ಗಳಲ್ಲಿ ಎರಡೂ ಅಳತೆಯ ರಂಧ್ರಗಳನ್ನು ಕೊಟ್ಟಿದ್ದರಿಂದ ಹಳೆಯ ಕೂಲರ್ ಸಲೀಸಾಗಿ ಕೂತಂತೆ ಕಂಡಿತು. ಆದರೆ ಹೊಸ ಸಾಕೆಟ್‌ನಲ್ಲಿ ಪ್ರೊಸೆಸರ್‌ನ ಎತ್ತರವೂ ಒಂದು ಮಿ.ಮೀ.ಗಿಂತ ತುಸು ಕಡಿಮೆಯಷ್ಟು ತಗ್ಗಿದೆ. ಆ ತಗ್ಗನ್ನು ಗಣಿಸದ, ಕೂಲರನ್ನು ಬೋರ್ಡಿಗೆ ಬಿಗಿಯುವ ಹಳೆಯ ಕಿಟ್‌ನಲ್ಲಿ ಸ್ಕ್ರೂ ಕೊನೆಯವರೆಗೆ ಬಿಗಿದರೂ ಒತ್ತಡ ಸಾಲದು. ಇದಲ್ಲದೆ ಆ ಸಾಕೆಟ್‌ನ ಲೋಹದ ಚೌಕಟ್ಟು ಉದ್ದನೆಯ ಪ್ರೊಸೆಸರನ್ನು ನಡುವಿನ ಎರಡು ಕಡೆ ಮಾತ್ರ ಒತ್ತುವುದರಿಂದ ಮುಚ್ಚಳ ತುಸು ಬಾಗಿ ನಡುವೆ ತಗ್ಗಾಗುತ್ತದೆ. ಅದಕ್ಕಾಗಿಯೇ ಥರ್ಮಲ್ ಗ್ರಿಜ್ಲಿ, ಥರ್ಮಲ್‌ರೈಟ್ ಮುಂತಾದವು ಸುತ್ತಲೂ ಸಮನಾಗಿ ಒತ್ತುವ ಬದಲಿ ಚೌಕಟ್ಟುಗಳನ್ನು ಮಾರಿದವು. ಕೆಲವು ಡಿಗ್ರಿಗಳ ಲಾಭ ಅದರಿಂದ ಸಿಗುವುದು ನಿಜ. ಆದರೆ ಎರಡು ಸೆಕೆಂಡಿನಲ್ಲಿ 95 ಮುಟ್ಟುವ ಯಂತ್ರಕ್ಕೆ ಅದು ಮದ್ದಲ್ಲ, ಮೊದಲು ಪಿನ್ ಮತ್ತು ಸ್ಕ್ರೂಗಳನ್ನೇ ನೋಡಬೇಕು.

ಕಳಚಿ, ನೋಡಿ, ಮತ್ತೆ ಕೂರಿಸುವುದು

ಕಳಚುವ ಮುನ್ನ ಕಂಪ್ಯೂಟರನ್ನು ಹತ್ತು ನಿಮಿಷ ಓಡಿಸಿ ಪೇಸ್ಟ್ ಮೆತ್ತಗಾಗಲು ಬಿಡಿ. ಆಮೇಲೆ ಆರಿಸಿ, ವೈರ್ ಕಿತ್ತು, ಕ್ಯಾಬಿನೆಟ್‌ನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಥಿರ ವಿದ್ಯುತ್ ಕಳೆದುಕೊಳ್ಳಿ. ಎಎಂಡಿಯ ಎಎಂ4 ಸಾಕೆಟ್‌ನ ಪ್ರೊಸೆಸರ್ ಇದ್ದವರು ಪೇಸ್ಟ್ ಮೆತ್ತಗಾಗಿಸುವ ಹಂತವನ್ನು ಖಂಡಿತ ಬಿಡಬಾರದು. ಅಲ್ಲಿ ಪಿನ್‌ಗಳು ಪ್ರೊಸೆಸರ್‌ನ ಅಡಿಯಲ್ಲೇ ಇವೆ, 1331. ಒಣಗಿದ ಪೇಸ್ಟ್ ಅಂಟಿನಂತೆ ಹಿಡಿದಿದ್ದರೆ ಕೂಲರನ್ನು ನೇರವಾಗಿ ಮೇಲಕ್ಕೆತ್ತಿದಾಗ ಪ್ರೊಸೆಸರ್ ಸಾಕೆಟ್‌ನಿಂದ ಕಿತ್ತುಬಂದು ಪಿನ್‌ಗಳು ಬಾಗುತ್ತವೆ. ಸ್ಕ್ರೂ ಅಥವಾ ಕೊಂಡಿ ಬಿಚ್ಚಿದ ಮೇಲೆ ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸುತ್ತಾ ಹಿಡಿತ ಬಿಟ್ಟಿತು ಎಂದು ಕೈಗೆ ಗೊತ್ತಾದ ನಂತರವೇ ಎತ್ತಬೇಕು.

ಎತ್ತಿದೊಡನೆ ಒರೆಸಲು ಹೋಗಬೇಡಿ. ಎರಡೂ ಮೇಲ್ಮೈಗಳ ಮೇಲಿನ ಪೇಸ್ಟ್‌ನ ಗುರುತನ್ನು ಬೆಳಕಿನಲ್ಲಿ ಹಿಡಿದು ನೋಡಿ, ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಒತ್ತಡ ಸರಿಯಾಗಿ ಬಿದ್ದ ಕಡೆ ಪೇಸ್ಟ್ ಎಷ್ಟು ತೆಳುವಾಗಿರುತ್ತದೆ ಎಂದರೆ ಕೆಳಗಿನ ಲೋಹದ ಛಾಯೆ, ಮುಚ್ಚಳದ ಮೇಲೆ ಕೆತ್ತಿದ ಅಕ್ಷರಗಳು ಮಸುಕಾಗಿ ಕಾಣುತ್ತವೆ. ಕೂಲರ್ ಎದ್ದಿದ್ದ ಕಡೆ ಪೇಸ್ಟ್ ದಪ್ಪನಾಗಿ, ಕಿತ್ತ ಜಾಗದಲ್ಲಿ ಸಣ್ಣ ಸಣ್ಣ ಮೊನೆಗಳೆದ್ದು ನಿಂತಿರುತ್ತದೆ. ಒಂದು ಮೂಲೆಯಲ್ಲಿ ಪೇಸ್ಟ್ ಮುಟ್ಟಿಯೇ ಇಲ್ಲವೆಂದರೆ ಆ ಮೂಲೆಯ ಪಿನ್ ಅಥವಾ ಸ್ಕ್ರೂ ತಪ್ಪಿತಸ್ಥ. ಹಾಕಿದಾಗಿನ ಬೊಟ್ಟಿನ ಆಕಾರ ಹಾಗೆಯೇ ಉಳಿದಿದ್ದರೆ ಕೂಲರ್ ತಾಗಿಯೇ ಇಲ್ಲ. ಈ ಗುರುತು ಹೇಳುವಷ್ಟು ಸತ್ಯವನ್ನು ಯಾವ ಸಾಫ್ಟ್‌ವೇರ್ ಕೂಡ ಹೇಳಲಾರದು. ಆತುರದಲ್ಲಿ ಅದನ್ನು ಅಳಿಸಿಹಾಕಿದರೆ ಕಾರಣ ತಿಳಿಯದೆಯೇ ಮತ್ತೆ ಅದೇ ತಪ್ಪಿನೊಂದಿಗೆ ಕೂರಿಸುವ ಅಪಾಯವಿದೆ.

ಹಳೆಯ ಪೇಸ್ಟ್ ತೆಗೆಯಲು 90 ಶೇಕಡಕ್ಕಿಂತ ಹೆಚ್ಚು ಸಾಂದ್ರತೆಯ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಎಳೆ ಬಿಡದ ಬಟ್ಟೆ ಬೇಕು. ಕನ್ನಡಕ ಒರೆಸುವ ಬಟ್ಟೆ ಆದೀತು. ಟಿಶ್ಯೂ ಕಾಗದ ಎಳೆ ಬಿಡುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸಬೇಡಿ. ಹೊಸ ಪೇಸ್ಟ್ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಚಿಕ್ಕ ಸಿರಿಂಜಿನಲ್ಲಿ ಸಿಗುತ್ತದೆ. ಹೆಸರಾಂತ ತಯಾರಕರ ಯಾವುದಾದರೂ ಆದೀತು. ಒಳ್ಳೆಯ ಪೇಸ್ಟ್‌ಗಳ ನಡುವಿನ ವ್ಯತ್ಯಾಸ ಎರಡು ಮೂರು ಡಿಗ್ರಿ, ಕೂರಿಸುವುದರಲ್ಲಿನ ವ್ಯತ್ಯಾಸ ಮೂವತ್ತು ಡಿಗ್ರಿ. ನಡುವೆ ಬಟಾಣಿ ಕಾಳಿನಷ್ಟು ಹಾಕಿದರೆ ಸಾಮಾನ್ಯವಾಗಿ ಸಾಕು. ಉದ್ದನೆಯ ಎಲ್‌ಜಿಎ 1700 ಪ್ರೊಸೆಸರ್‌ಗಾದರೆ ಗುಣಾಕಾರದ ಚಿಹ್ನೆಯಂತೆ ತೆಳುವಾಗಿ ಎಳೆಯುವುದು ಮೇಲು. ತುಸು ಹೆಚ್ಚಾದರೆ ಅಂಚಿನಿಂದ ಹೊರಬರುತ್ತದೆ, ವಿದ್ಯುತ್ ಹರಿಸದ ಪೇಸ್ಟ್ ಆದರೆ ಅಪಾಯವಿಲ್ಲ. ಕಡಿಮೆಯಾಗುವುದೇ ಕೆಟ್ಟದ್ದು.

ಕೂಲರನ್ನು ನೇರವಾಗಿ ಕೆಳಗಿಳಿಸಿ. ಒಮ್ಮೆ ತಾಗಿದ ಮೇಲೆ ಎತ್ತಿ ನೋಡುವ ಆಸೆ ಬೇಡ, ಎತ್ತಿದರೆ ಗಾಳಿ ಸೇರಿಕೊಳ್ಳುತ್ತದೆ. ಸ್ಕ್ರೂ ಇರುವ ಕೂಲರ್ ಆದರೆ ಮೊದಲು ನಾಲ್ಕನ್ನೂ ಎಳೆ ಹಿಡಿಯುವಷ್ಟು ಮಾತ್ರ ತಿರುಗಿಸಿ, ಆಮೇಲೆ ಎದುರುಬದುರು ಮೂಲೆಗಳ ಕ್ರಮದಲ್ಲಿ ಒಂದೊಂದಕ್ಕೆ ಎರಡೆರಡು ಸುತ್ತು ಹಾಕುತ್ತಾ ಹೋಗಿ, ಸ್ಕ್ರೂ ತಾನಾಗಿ ನಿಲ್ಲುವಲ್ಲಿಗೆ ನಿಲ್ಲಿಸಿ. ಒಂದನ್ನು ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋದರೆ ತಳ ವಾಲಿಕೊಂಡು ಪೇಸ್ಟ್ ಒಂದೇ ಬದಿಗೆ ಒತ್ತಲ್ಪಡುತ್ತದೆ. ಇಂಟೆಲ್‌ನ ಪಿನ್ ಕೂಲರ್ ಆದರೆ, ಕಳಚುವಾಗ ಬಾಣದ ದಿಕ್ಕಿಗೆ ತಿರುಗಿಸಿದ್ದ ತಲೆಗಳನ್ನು ಮೊದಲು ವಿರುದ್ಧ ದಿಕ್ಕಿಗೆ ತಿರುಗಿಸಿ ಸ್ವಸ್ಥಾನಕ್ಕೆ ತರಬೇಕು. ಇದನ್ನು ಮರೆತರೆ ಪಿನ್ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ನಾಲ್ಕು ಕಾಲುಗಳೂ ರಂಧ್ರದಲ್ಲಿ ನೇರವಾಗಿ ನಿಂತಿವೆಯೆಂದು ನೋಡಿಕೊಂಡು, ಎದುರುಬದುರು ಎರಡನ್ನು ಒಟ್ಟಿಗೆ ಒತ್ತಿ ಟಕ್ ಎಂಬ ಸದ್ದು ಕೇಳಿ, ನಂತರ ಉಳಿದೆರಡನ್ನು ಒತ್ತಿ. ಪ್ರತಿ ಪಿನ್ನನ್ನೂ ಮೆಲ್ಲಗೆ ಎಳೆದು ನೋಡಿ, ಸಾಧ್ಯವಾದರೆ ಬೋರ್ಡಿನ ಹಿಂಬದಿಯನ್ನೂ ನೋಡಿ. ಫ್ಯಾನಿನ ವೈರನ್ನು ಸಿಪಿಯು ಫ್ಯಾನ್ ಎಂದು ಬರೆದಿರುವ ಕಡೆಗೇ ಸಿಕ್ಕಿಸಿ.

ಲ್ಯಾಪ್‌ಟಾಪ್‌ನಲ್ಲಿ ಲೋಹದ ಮುಚ್ಚಳವಿಲ್ಲ, ತಾಮ್ರದ ತಳ ನೇರವಾಗಿ ಸಿಲಿಕಾನ್ ಮೇಲೆಯೇ ಕೂರುತ್ತದೆ. ಆದ್ದರಿಂದ ಒತ್ತಡದ ಏರುಪೇರು ಇನ್ನೂ ಬೇಗ ಕಾಣಿಸುತ್ತದೆ. ಕೆಲಸಕ್ಕೆ ಮುನ್ನ ಬ್ಯಾಟರಿಯ ವೈರ್ ಬಿಡಿಸಬೇಕು, ಸ್ಕ್ರೂಗಳ ಪಕ್ಕದಲ್ಲಿ ಮುದ್ರಿಸಿರುವ 1, 2, 3, 4 ಸಂಖ್ಯೆಗಳ ಕ್ರಮದಲ್ಲಿಯೇ ಬಿಗಿಯಬೇಕು. ಪಕ್ಕದ ಮೆಮೊರಿ ಚಿಪ್‌ಗಳ ಮೇಲಿನ ಥರ್ಮಲ್ ಪ್ಯಾಡ್ ಬದಲಿಸುವವರು ಮೂಲದ ದಪ್ಪವನ್ನೇ ಹಾಕಬೇಕು; ಅರ್ಧ ಮಿ.ಮೀ. ದಪ್ಪ ಹೆಚ್ಚಾದರೂ ಇಡೀ ಹೀಟ್‌ಸಿಂಕ್ ಪ್ರೊಸೆಸರ್‌ನಿಂದ ಮೇಲಕ್ಕೆದ್ದು ನಿಲ್ಲುತ್ತದೆ. ಪ್ರತಿದಿನ ಕಾದು ಆರುವ ಚಕ್ರದಲ್ಲಿ ತೆಳು ಪೇಸ್ಟ್ ನಡುವಿನಿಂದ ಅಂಚಿಗೆ ಸರಿಯುವುದು ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚು. ಅಂಥ ಯಂತ್ರಗಳಿಗೆ ಹನಿವೆಲ್‌ನ ಪಿಟಿಎಂ 7950ನಂಥ, ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡಿಕೊಳ್ಳುವ ಹಾಳೆ ಹೆಚ್ಚು ಬಾಳಿಕೆ ಬರುತ್ತದೆ. ಪೇಸ್ಟ್‌ನ ಬದಲು ಕೆಲವರು ಬಳಸುವ ದ್ರವಲೋಹವನ್ನು ಮಾತ್ರ ಮನೆಯಲ್ಲಿ ಬಳಸಬೇಡಿ ಎಂದೇ ಹೇಳುತ್ತೇನೆ: ಅದು ವಿದ್ಯುತ್ ಹರಿಸುತ್ತದೆ, ಅದರಲ್ಲಿನ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ತಿಂದುಹಾಕುತ್ತದೆ.

ಎಲ್ಲ ಮುಗಿದ ಮೇಲೆ ಮೊದಲು ಮಾಡಿದ ಪರೀಕ್ಷೆಯನ್ನೇ, ಅದೇ ಹೊರೆಯಲ್ಲಿ, ಅಷ್ಟೇ ಹೊತ್ತು ಮತ್ತೆ ಮಾಡಿ ಭಾಗಾಕಾರದ ಉತ್ತರವನ್ನು ಹಳೆಯದರ ಪಕ್ಕದಲ್ಲಿ ಬರೆಯಿರಿ. ಪೇಸ್ಟ್‌ನ ಬದಲು ಪಿಟಿಎಂ ಹಾಳೆ ಹಾಕಿದ್ದರೆ ಕೆಲವು ಬಾರಿ ಕಾದು ಆರಿದ ಮೇಲೆ ಅಳೆಯಬೇಕು. 1.8 ಇದ್ದದ್ದು 0.6ರ ಆಸುಪಾಸಿಗೆ ಇಳಿದು ಗ್ರಾಫ್ ನಿಧಾನವಾಗಿ ಏರುತ್ತಿದ್ದರೆ ಕೂಲರ್ ಕೂತಿದೆ. ಉತ್ತರ ಇಳಿದಿದ್ದೂ ತಾಪಮಾನ ಮಾತ್ರ ಮೇಲೆಯೇ ಇದ್ದರೆ ವ್ಯಾಟ್‌ನ ಸಾಲನ್ನು ನೋಡಿ. ಹಲವು ಮದರ್‌ಬೋರ್ಡ್‌ಗಳು ಪ್ರೊಸೆಸರ್‌ನ ವಿದ್ಯುತ್ ಮಿತಿಯನ್ನು ಮೂಲ ಹೊಂದಾಣಿಕೆಯಲ್ಲೇ ಸಡಿಲಿಸಿಟ್ಟಿರುತ್ತವೆ, ಅದನ್ನು ಬಯಾಸ್‌ನಲ್ಲಿ ತಯಾರಕರು ಹೇಳಿದ ಮಟ್ಟಕ್ಕೆ ತಂದರೆ ಸಾಕಾಗುತ್ತದೆ. ಉತ್ತರ ಕದಲದೆ ಮೊದಲಿನಷ್ಟೇ ಇದ್ದರೆ ಮತ್ತೊಮ್ಮೆ ಕಳಚಿ, ಹೊಸ ಗುರುತನ್ನು ಹಳೆಯ ಫೋಟೊದ ಪಕ್ಕದಲ್ಲಿಟ್ಟು ನೋಡಿ. ಪೇಸ್ಟ್ ಈ ಬಾರಿಯೂ ಅದೇ ಮೂಲೆಯಲ್ಲಿ ದಪ್ಪವಾಗಿದ್ದರೆ ಆ ಬದಿಯಲ್ಲಿ ಬೋರ್ಡಿನ ಹಿಂದೆ ಕೂಲರ್‌ಗೆ ಆಸರೆಯಾಗಿರುವ ಹಿಂಫಲಕ ಬಾಗಿರಬಹುದು ಅಥವಾ ಕೂಲರ್‌ನ ಕಿಟ್ ಆ ಸಾಕೆಟ್‌ನದ್ದಲ್ಲ. ಸಾಕೆಟ್‌ಗೆ ಸರಿಹೊಂದುವ ಕಿಟ್ ಅನ್ನು ಕೂಲರ್ ತಯಾರಕರಿಂದಲೇ ತರಿಸಿಕೊಳ್ಳಬೇಕು.